ದೋಣಿಗೆ ಸ್ಕೂಟರ್ ಸೀಟು

ಜುಲೈ 8, ಮಂಗಳವಾರ

ಪ್ರೆಸ್ಸಿನಲ್ಲಿ ಮಾರಾಟವಾಗದೆ ಉಳಿದ ಹಳೆಯ ಡೈರಿ ಇದು. ತಾರೀಖು ಸರಿ, ವಾರ ತಪ್ಪು. ದಿನಾ ವಾರವನ್ನು ಹೊಡೆದು ಮೇಲೆ ಬರೆಯಬೇಕು. ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿದವನಿಗೆ ಇದೇನು ದೊಡ್ಡ ಕೆಲಸವಲ್ಲ.

ಇವತ್ತು ಕಣ್ಣಿನ ಡಾಕ್ಟರು ಕೊನೆಯ ಮಾತು ಹೇಳಿದರು. ಬಲಗಣ್ಣಿನೊಳಗೆ ರಕ್ತನಾಳ ಕಟ್ಟಿಕೊಂಡು ಆದ ಹಾನಿ ಆಗಿಹೋಗಿದೆ. ಮೂರು ಇಂಜೆಕ್ಷನ್ ಆದರೂ ಆ ಕಣ್ಣಿಗೆ ಎಲ್ಲವೂ ಹಬೆ ಹಿಡಿದ ಗಾಜಿನಾಚೆ ಇದ್ದ ಹಾಗೆ. ಎಡಗಣ್ಣು ಚೆನ್ನಾಗಿದೆ, ಓದಬಹುದು, ಬರೆಯಬಹುದು. "ಆದ್ರೆ ಟೂ ವೀಲರ್ ಬೇಡ ಸಾರ್. ನಿಮಗೆ ದೂರ ಹತ್ತಿರ ಗೊತ್ತಾಗಲ್ಲ," ಎಂದರು. ಗೊತ್ತಾಗುತ್ತದೆ ಎಂದು ವಾದಿಸಿದೆ. ಹಾಗಾದರೆ ಈ ಪೆನ್ನು ತೆಗೆದುಕೊಳ್ಳಿ ಎಂದು ಮುಂದೆ ಹಿಡಿದರು. ನನ್ನ ಕೈ ಪೆನ್ನಿಗಿಂತ ಎರಡಂಗುಲ ಈಚೆಗೇ ನಿಂತು ಗಾಳಿಯನ್ನು ಹಿಡಿಯಿತು. ಮಾಧವಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದಳು.

ಮೂವತ್ತನಾಲ್ಕು ವರ್ಷದಿಂದ ಪ್ರತಿ ಭಾನುವಾರ ಸಂಜೆ ನಾಲ್ಕೂವರೆಗೆ ಗವಿಪುರಂನ ನಮ್ಮ ಮನೆಯಿಂದ ಸ್ಕೂಟರ್ ಹೊರಡುತ್ತದೆ. ಗಾಂಧಿ ಬಜಾರ್, ಖಾಲಿ ದೋಸೆ, ಬೈಟು ಕಾಫಿ, ಲಾಲ್‌ಬಾಗಿನ ಗೇಟಿನವರೆಗೆ ಒಂದು ಸುತ್ತು, ಮತ್ತೆ ಮನೆ. ಮಾಧವಿ ಒಂದು ಪಕ್ಕಕ್ಕೆ ಕೂರುತ್ತಾಳೆ. ಎಡಗನ್ನಡಿಯನ್ನು ನಾನು ಸ್ವಲ್ಪ ಒಳಕ್ಕೆ ತಿರುಗಿಸಿಕೊಂಡಿರುತ್ತೇನೆ. ಅದರಲ್ಲಿ ರಸ್ತೆ ಕಾಣುವುದಿಲ್ಲ, ಅವಳ ಮುಖ ಕಾಣುತ್ತದೆ. ಮೆಕ್ಯಾನಿಕ್ ಮುರುಗೇಶ ಪ್ರತಿ ಸರ್ವೀಸಿನಲ್ಲೂ ಅದನ್ನು ರಸ್ತೆಯ ಕಡೆ ತಿರುಗಿಸುತ್ತಾನೆ. ಬೀದಿಯ ಕೊನೆ ಮುಟ್ಟುವುದರೊಳಗೆ ನಾನು ಮತ್ತೆ ಒಳಕ್ಕೆ ತಿರುಗಿಸುತ್ತೇನೆ. ಮಾಧವಿಗೆ ಇದು ಗೊತ್ತಿಲ್ಲ.

ಜುಲೈ 13, ಭಾನುವಾರ

ನಾಲ್ಕೂವರೆಗೆ ಮಾಧವಿ ಸೀರೆ ಬದಲಿಸಿಕೊಂಡು ಬಂದು "ಆಟೋ ಕರೀಲಾ?" ಎಂದಳು. ಹೋದೆವು. ಆಟೋದವನು ದಾರಿಯುದ್ದಕ್ಕೂ ಫೋನಿನಲ್ಲಿ ಯಾರದೋ ಗೃಹಪ್ರವೇಶದ ಜಗಳ ಬಗೆಹರಿಸುತ್ತಿದ್ದ. ದೋಸೆ ತಿಂದೆವು. ಇನ್ನೊಂದು ಆಟೋದಲ್ಲಿ ವಾಪಸು ಬಂದೆವು. ಇದು ಸುತ್ತಾಟವಲ್ಲ. ನಮ್ಮನ್ನು ಯಾರೋ ಒಂದು ಕಡೆ ಎತ್ತಿಕೊಂಡು ಇನ್ನೊಂದು ಕಡೆ ಇಳಿಸಿದರು, ಅಷ್ಟೆ.

"ನಂಗೇನೂ ಬೇಜಾರಿಲ್ಲ ರೀ," ಎಂದಳು. ನನಗಿದೆ. ಅವಳಿಗೆ ನಾನು ಒಡವೆ ಮಾಡಿಸಲಿಲ್ಲ, ಸೈಟು ತೆಗೆಯಲಿಲ್ಲ. ಅವಳು ಕುಚ್ಚು ಕಟ್ಟಿದ ಸೀರೆಗಳನ್ನು ಮಲ್ಲೇಶ್ವರಂ ಎಂಟನೇ ಕ್ರಾಸಿನ ಅಂಗಡಿಗೆ ಮುಟ್ಟಿಸಿ ಬರುತ್ತಿದ್ದೆ, ಭಾನುವಾರ ಅವಳನ್ನು ಸುತ್ತಾಡಿಸುತ್ತಿದ್ದೆ. ಗಂಡನಾಗಿ ತಪ್ಪದೆ ಮಾಡಿದ ಕೆಲಸ ಇವೆರಡೇ. ಈಗ ಸೀರೆ ಹೊತ್ತುಕೊಂಡು ಅವಳೇ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದಾಳೆ. ಭಾನುವಾರವೂ ಕೈಬಿಟ್ಟರೆ ನಾನು ಯಾತಕ್ಕೆ ಇದ್ದೇನೆ ಎನ್ನುವುದೇ ತಿಳಿಯುವುದಿಲ್ಲ.

ಜುಲೈ 19, ಶನಿವಾರ

ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಯಾವ ದೇಶವೋ ಗೊತ್ತಿಲ್ಲ. ಪುಟ್ಟ ದೋಣಿಯಲ್ಲಿ ಮುದುಕ ಮುದುಕಿ. ಹಿಂದೆ ಒಂದು ಬ್ಯಾಟರಿ ಮೋಟಾರು. ಸದ್ದಿಲ್ಲದೆ ನೀರಿನ ಮೇಲೆ ಹೋಗುತ್ತಿದ್ದಾರೆ. ಸಿಗ್ನಲ್ಲಿಲ್ಲ, ಗುಂಡಿಯಿಲ್ಲ, ಎಡಗಡೆಯಿಂದ ನುಗ್ಗುವವರಿಲ್ಲ. ಮುಖ್ಯವಾಗಿ ಅದು ಟೂ ವೀಲರ್ ಅಲ್ಲ. ಅದಕ್ಕೆ ವೀಲೇ ಇಲ್ಲ.

ಮಾಧವಿಯ ಅಣ್ಣ ದೊಡ್ಡಬೈರಪ್ಪ ಭಾವನಿಗೆ ಫೋನ್ ಮಾಡಿದೆ. ಮಾಗಡಿ ರಸ್ತೆಯಲ್ಲಿ ಅವರ ಊರು, ಊರ ಮುಂದೆ ಕೆರೆ. ಪಂಚಾಯಿತಿ ಮೆಂಬರಾಗಿದ್ದವರು. "ಈ ಸಲ ಕೆರೆ ತುಂಬೈತೆ. ಪಂಚಾಯ್ತೀಲಿ ನಾನು ಏಳ್ತೀನಿ. ಆದ್ರೆ ನಿಮಗೆ ಈಜು ಬತ್ತದಾ ಭಾವ?" ಎಂದರು. ಬರುವುದಿಲ್ಲ ಎಂದೆ. ಹಾಗಾದರೆ ತೇಲುವ ಜಾಕೆಟ್ ಹಾಕಿಕೊಳ್ಳದೆ ಕೆರೆಗೆ ಕಾಲಿಡಕೂಡದು ಎಂದರು. ಒಪ್ಪಿದೆ.

ಮಾಧವಿಗೆ ಹೇಳಿದೆ. "ದೋಣೀನಾ?" ಎಂದಳು. ದೋಣಿಯೇ ಎಂದೆ. ಅವಳು ಬೇಳೆ ಆರಿಸುವುದನ್ನು ಮುಂದುವರಿಸಿದಳು.

ಜುಲೈ 30, ಬುಧವಾರ

ಹನ್ನೊಂದು ದಿನದಿಂದ ಓದುತ್ತಿದ್ದೇನೆ. ಶುರುಮಾಡಿದಾಗ ಇದ್ದ ತಿಳಿವಳಿಕೆಯೂ ಈಗ ಉಳಿದಿಲ್ಲ.

ಚಪ್ಪಟೆ ತಳದ ದೋಣಿ ಮೊದಲು ಅಲ್ಲಾಡುವುದಿಲ್ಲವಂತೆ, ಅಲ್ಲಾಡಿದರೆ ಮಗುಚಿಯೇ ಬಿಡುತ್ತದಂತೆ. ಗುಂಡು ತಳದ್ದು ಮೊದಲಿನಿಂದ ಅಲ್ಲಾಡುತ್ತಲೇ ಇರುತ್ತದಂತೆ, ಆದರೆ ಸುಲಭಕ್ಕೆ ಮಗುಚುವುದಿಲ್ಲವಂತೆ. ಹಾಗಾದರೆ ಒಳ್ಳೆಯದು ಯಾವುದು? ಬರೆದವನು ಅದನ್ನು ಹೇಳುವುದೇ ಇಲ್ಲ. ಮೋಟಾರನ್ನು ಪೌಂಡಿನ ಲೆಕ್ಕದಲ್ಲಿ ಮಾರುತ್ತಾರೆ. ನಲವತ್ತು ಪೌಂಡ್ ಎಂದರೆ ಮೋಟಾರಿನ ತೂಕ ಎಂದುಕೊಂಡು ಮೂರು ದಿನ ಕಳೆದೆ. ಅದು ನೀರನ್ನು ನೂಕುವ ಬಲವಂತೆ. ಅಂಗಡಿಯವನೊಬ್ಬ ಫೋನಿನಲ್ಲಿ "ನಿಮ್ದು ಸಿಹಿನೀರಾ, ಉಪ್ಪುನೀರಾ ಸಾರ್?" ಎಂದ. "ಕಾವೇರಿ ನೀರು," ಎಂದುಬಿಟ್ಟೆ. ಅವನು ಕೇಳಿದ್ದು ದೋಣಿ ಬಿಡುವ ನೀರು.

ಗಾಳಿ ತುಂಬುವ ರಬ್ಬರ್ ದೋಣಿಯೂ ಇದೆ. ಮುಳ್ಳು ಚುಚ್ಚಿದರೆ ನಡುನೀರಿನಲ್ಲಿ ಪಂಕ್ಚರ್ ಹಾಕುವವರು ಯಾರು ಎಂದು ಮಾಧವಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಫೈಬರಿನದು ಸಿದ್ಧವಾಗಿ ಸಿಗುತ್ತದೆ, ಆದರೆ ಹಂಸದ ಆಕಾರ. ಅರವತ್ತೊಂದು ವರ್ಷದವನು ಹಂಸದ ಹೊಟ್ಟೆಯಲ್ಲಿ ಕೂತು ಹೆಂಡತಿಯ ತವರೂರಿನ ಕೆರೆ ಸುತ್ತಿದರೆ ಭಾವ ಮತ್ತೆ ಮಾತಾಡಿಸುವುದಿಲ್ಲ.

ಮಾಧವಿಗೆ ಈಚೆಗೆ ಭಕ್ತಿ ಹೆಚ್ಚಾಗಿದೆ. ದಿನಾ ಬೆಳಿಗ್ಗೆ ಆರಕ್ಕೆ ಗವಿ ಗಂಗಾಧರೇಶ್ವರನ ಗುಡಿಗೆ ಹೋಗುತ್ತಾಳೆ. ಬರುವಾಗ ಬೆವತಿರುತ್ತಾಳೆ, ಹಣೆಯಲ್ಲಿ ವಿಭೂತಿ ಇರುವುದಿಲ್ಲ. ಎದುರುಮನೆಯ ಮೋನಿಷಾಳೂ ಜೊತೆಗೆ ಹೋಗುತ್ತಾಳೆ. ಆ ಹುಡುಗಿ ಕಾಲೇಜಿನಲ್ಲಿ ಪಾಠ ಮಾಡುವವಳು, ದೇವರ ವಿಷಯ ಎಂದೂ ಆಡಿದ್ದು ಕಾಣೆ. ಜನ ಬದಲಾಗುತ್ತಾರೆ.

ಆಗಸ್ಟ್ 5, ಮಂಗಳವಾರ

ಮುರುಗೇಶನ ಗ್ಯಾರೇಜಿಗೆ ನಡೆದುಕೊಂಡೇ ಹೋದೆ. ಎಲ್ಲ ಹೇಳಿದೆ. ಅವನು ಗ್ರೀಸ್ ಕೈಯಲ್ಲಿ ತಲೆ ಕೆರೆದುಕೊಂಡ.

"ಕೊಳ್ಳೋದ್ಯಾಕೆ ಸಾರ್? ಕಟ್ಬಿಡೋಣ. ಮೂವತ್ತು ವರ್ಷ ನಿಮ್ ಸ್ಕೂಟರನ್ನ ಸಾಯಕ್ಕೆ ಬಿಟ್ಟಿಲ್ಲ ನಾನು. ಒಂದು ಪ್ಲೈವುಡ್ ಡಬ್ಬ ತೇಲ್ಸಕ್ಕಾಗಲ್ವಾ?"

"ನೀನು ದೋಣಿ ಹತ್ತಿದೀಯಾ?"

"ಇಲ್ಲ ಸಾರ್. ನೀವು?"

"ಇಲ್ಲ."

"ಹಂಗಾದ್ರೆ ಇಬ್ರೂ ಒಂದೇ ಲೆವೆಲ್," ಎಂದು ನಕ್ಕ. ಹತ್ತಡಿ ಉದ್ದ, ನಾಲ್ಕಡಿ ಅಗಲ, ಚಪ್ಪಟೆ ತಳ. ನೀರು ತಡೆಯುವ ಪ್ಲೈವುಡ್, ಹೊರಗೆ ಫೈಬರ್ ಬಟ್ಟೆ, ಅದನ್ನು ಅಂಟಿಸಲು ರೆಸಿನ್. ಹದಿನೇಳು ದಿನ ಒದ್ದಾಡಿದವನಿಗೆ ಹತ್ತು ನಿಮಿಷದಲ್ಲಿ ಎಲ್ಲ ತೀರ್ಮಾನವಾಗಿಹೋಯಿತು. ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಆಗಸ್ಟ್ 14, ಗುರುವಾರ

ಮಹತ್ವದ ಸಂಗತಿ. ಮಗಳು ಯಶಶ್ರೀ ಬ್ಯಾಂಕಿನಲ್ಲಿ ಮೈಸೂರಿಗೆ ವರ್ಗವಾದಾಗ ತನ್ನ ಎಲೆಕ್ಟ್ರಿಕ್ ಸ್ಕೂಟರನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ದೋಣಿಗೂ ಅಂಥದ್ದೇ ಲಿಥಿಯಂ ಬ್ಯಾಟರಿ ಹಾಕುವ ಯೋಚನೆ ಇದ್ದುದರಿಂದ ಅದನ್ನು ಪರೀಕ್ಷಿಸುತ್ತಿದ್ದೇನೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಮಲಗುತ್ತೇನೆ. ಬೆಳಿಗ್ಗೆ ಏಳೂವರೆಗೆ ನೋಡಿದರೆ ಎಂಬತ್ತೆಂಟು ಇರುತ್ತದೆ! ನಿಂತಲ್ಲೇ ಸೋರುತ್ತಿದೆ. ಐದು ದಿನ ಬರೆದಿಟ್ಟೆ. ಎಂಬತ್ತೆಂಟು, ಎಂಬತ್ತಾರು, ಎಂಬತ್ತೊಂಬತ್ತು, ನೂರು, ಎಂಬತ್ತೈದು. ನೂರು ಇದ್ದ ದಿನ ಬೆಳಿಗ್ಗೆ ಜೋರು ಮಳೆ. ಮಾಧವಿ ಗುಡಿಗೂ ಹೋಗಿರಲಿಲ್ಲ. ಮಳೆಗೂ ಬ್ಯಾಟರಿಗೂ ಏನು ಸಂಬಂಧ? ತಂಪಿಗೆ ಸೋರುವುದಿಲ್ಲವೇನೋ.

"ಹಂಗೆ ನಿಂತಲ್ಲೇ ಇಳಿಯುತ್ತಾ ರೀ?" ಎಂದಳು ಮಾಧವಿ.

"ಇಳಿಯುತ್ತೆ ಕಣೇ. ಲಿಥಿಯಂ ಗುಣಾನೇ ಅದು."

"ಅಯ್ಯೋ, ಹಂಗಾದ್ರೆ ದೋಣಿಗೆ ಬೇರೆ ತರದ್ದು ಹಾಕಿಸಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು. ಹಲ್ಲುನೋವಿರಬೇಕು.

ಹಾಗಾಗಿ ಲಿಥಿಯಂ ರದ್ದು. ಮನೆಗಳಲ್ಲಿ ಕರೆಂಟು ಹೋದಾಗ ದೀಪ ಉರಿಸುವ ದೊಡ್ಡ ಸೀಸದ ಬ್ಯಾಟರಿಯೇ ಸರಿ. ಮೂವತ್ತು ಕೆಜಿ ಭಾರ. ಇರಲಿ, ಸೋರುವುದಿಲ್ಲ.

ಆಗಸ್ಟ್ 22, ಶುಕ್ರವಾರ

ಮಾಧವಿಯ ಮೊಣಕೈ ತರಚಿದೆ. ಗುಡಿಯ ಮೆಟ್ಟಿಲಲ್ಲಿ ಜಾರಿದಳಂತೆ. ನಾನು ಜೊತೆಗಿರಬೇಕಾಗಿತ್ತು. ಅರಿಸಿನ ಹಚ್ಚಿದೆ. ಹಚ್ಚುವಾಗ ಬೆರಳು ಗಾಯಕ್ಕೆ ಸಿಗದೆ ಪಕ್ಕಕ್ಕೆ ಹೋಯಿತು. ಅವಳೇ ನನ್ನ ಬೆರಳು ಹಿಡಿದು ಜಾಗಕ್ಕೆ ಇಟ್ಟುಕೊಂಡಳು.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಹಳೆಯ ಸ್ಕೂಟರ್ ಬಿಚ್ಚಿದೆವು.

ಯೋಚನೆ ನನ್ನದೇ. ನಮಗೆ ಗೊತ್ತಿರುವುದು ಒಂದೇ ಸವಾರಿ. ಮುಂದೆ ನಾನು, ಹಿಂದೆ ಅವಳು. ದೋಣಿಯ ನಡುವೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಅದರ ಮೇಲೆ ಇದೇ ಸೀಟು ಕೂರಿಸುವುದು. ಮುಂದೆ ಇದೇ ಹ್ಯಾಂಡಲ್, ಅದರಿಂದ ಹಿಂದಿನ ಮೋಟಾರಿಗೆ ಕೇಬಲ್. ಬ್ಯಾಟರಿ ಒದ್ದೆಯಾಗಬಾರದಲ್ಲ, ಅದನ್ನು ಸೀಟಿನ ಕೆಳಗೆ ಎತ್ತರದಲ್ಲಿ ಒಂದು ಹಲಗೆಯ ಮೇಲೆ. ಮುರುಗೇಶ ಕೈ ಕುಲುಕಿ "ತಲೆ ಅಂದ್ರೆ ಇದು ಸಾರ್!" ಎಂದ.

ಸೀಟು ಕಳಚಿ ಕೈಯಲ್ಲಿ ಹಿಡಿದು ನೋಡಿದೆ. ಹಿಂಭಾಗದಲ್ಲಿ ಮಾಧವಿ ಕೂರುವ ಕಡೆ ರೆಕ್ಸಿನ್ ಒಂದು ಪಕ್ಕಕ್ಕೆ ಮಾತ್ರ ಸವೆದಿದೆ. ಹೊಸ ಕವರ್ ಹಾಕೋಣ ಎಂದ ಮುರುಗೇಶ. ಬೇಡ ಎಂದೆ.

"ಕನ್ನಡಿ ಏನ್ ಮಾಡೋಣ? ಕೆರೇಲಿ ಹಿಂದಗಡೆಯಿಂದ ಯಾವ ಬಸ್ಸು ಬರುತ್ತೆ?"

"ಎಡಗಡೇದು ಹಾಕು."

ಅವನು ನನ್ನ ಮುಖ ನೋಡಿ ಹಾಕಿದ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಗ್ಯಾರೇಜಿನಲ್ಲಿ ಸ್ಪ್ಯಾನರುಗಳಿಗೆಲ್ಲ ಅರಿಸಿನ ಕುಂಕುಮ. ನಡುವೆ ನಮ್ಮ ದೋಣಿ, ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಹಾರ, ಎರಡು ಪಕ್ಕಕ್ಕೂ ಬಾಳೆಕಂದು. ಬೂದುಗುಂಬಳ ಒಡೆದದ್ದಾಯಿತು. ಆಮೇಲೆ ಮುರುಗೇಶ ನಾಲ್ಕು ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ. ಯಾವ ಚಕ್ರದ ಕೆಳಗೆ ಇಡುವುದು?

ದೋಣಿಯ ನಾಲ್ಕು ಮೂಲೆಗೆ ಎಂದು ನಾನು. ಮೋಟಾರಿನ ರೆಕ್ಕೆಯ ಕೆಳಗೆ ಎಂದು ಅವನು. ರೆಕ್ಕೆ ತಿರುಗಿದರೆ ಹಣ್ಣು ಹಾರಿ ಯಾರ ಕಣ್ಣಿಗಾದರೂ ಬಿದ್ದೀತು ಎಂದು ನಾನು. ನನಗೆ ಉಳಿದಿರುವುದು ಒಂದೇ. ಅರ್ಧ ಗಂಟೆ ಚರ್ಚೆ ನಡೆಯಿತು. ಕೊನೆಗೆ ಮಾಧವಿ ನಿಂಬೆಹಣ್ಣುಗಳನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. "ಕೆರೆಗೆ ಹೋದ್ಮೇಲೆ ನೀರಲ್ಲಿ ಬಿಡ್ತೀನಿ. ದೋಣಿಗೆ ರಸ್ತೆ ಅದೇ ಅಲ್ವಾ?" ಎಂದಳು.

ನಮ್ಮಿಬ್ಬರಿಗೂ ಇದು ಹೊಳೆಯಲಿಲ್ಲ.

ಅಕ್ಟೋಬರ್ 5, ಭಾನುವಾರ

ಮಗುಚಿತು.

ಅಕ್ಟೋಬರ್ 6, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಬರೆದುಬಿಡುತ್ತೇನೆ.

ಗೂಡ್ಸ್ ಗಾಡಿಯಲ್ಲಿ ದೋಣಿ ಹೊತ್ತುಕೊಂಡು ಹೋದೆವು. ಭಾವನವರ ಜೊತೆ ಅರ್ಧ ಊರು ಏರಿಯ ಮೇಲಿತ್ತು. ಮಾಧವಿ ನಿಂಬೆಹಣ್ಣು ನೀರಿಗೆ ಬಿಟ್ಟಳು. ಅವು ತೇಲಿಕೊಂಡು ಹೋದವು. ಮೊದಲು ಮುರುಗೇಶನ ಜೊತೆ ಒಂದು ಸುತ್ತು, ಆಮೇಲೆ ಮಾಧವಿ, ಎಂದು ತೀರ್ಮಾನ. ಜಾಕೆಟ್ ಹಾಕಿಕೊಂಡು ಸೀಟಿನ ಮೇಲೆ ಕೂತೆ. ಹಿಂದೆ ಮುರುಗೇಶ. ಹ್ಯಾಂಡಲ್ ಹಿಡಿದಾಗ ಮೂರು ತಿಂಗಳ ಮೇಲೆ ಮತ್ತೆ ಮನುಷ್ಯನಾದ ಹಾಗೆನಿಸಿತು. ಇಪ್ಪತ್ತಡಿ ಹೋದೆವು, ನಿಜವಾಗಿ ಹೋದೆವು. ಆಮೇಲೆ ನಾನು ಎಡಕ್ಕೆ ತಿರುಗಿಸಿದೆ. ಸ್ಕೂಟರಿನ ಅಭ್ಯಾಸ, ತಿರುಗಿಸುವಾಗ ಮೈಯೂ ಎಡಕ್ಕೆ ವಾಲಿತು. ಮುರುಗೇಶನದೂ ವಾಲಿತು. ಸೀಟಿನ ಕೆಳಗಿನ ಬ್ಯಾಟರಿಯೂ ವಾಲಿತು. ದೋಣಿ ಮಾತ್ರ ಯಾಕೆ ಸುಮ್ಮನಿದ್ದೀತು?

ಎದೆಮಟ್ಟ ನೀರು. ಯಾರಿಗೂ ಏನೂ ಆಗಲಿಲ್ಲ. ಮಾಧವಿ ಸೀರೆಯಲ್ಲೇ ಸೊಂಟದವರೆಗೆ ನೀರಿಗೆ ಇಳಿದುಬಿಟ್ಟಿದ್ದಳು. ಏರಿಯ ಮೇಲೆ ಯಾರೋ ಶಿಳ್ಳೆ ಹೊಡೆದರು.

ಭಾವ ಟವೆಲ್ ಕೊಟ್ಟು ಹೇಳಿದರು. "ನಮ್ಮೂರ್ ಅರಿಗೋಲ್ನಾಗೆ ಯಾರಾದ್ರೂ ಕುರ್ಚಿ ಆಕ್ಕೊಂಡು ಕುಂತಿದ್ದು ನೋಡಿದೀರಾ ಭಾವ? ಕುಂಡಿ ನೀರಿಗಿಂತ ಕೆಳಗಿರ್ಬೇಕು. ಅಷ್ಟೇಯ ಇದ್ಯೆ."

ಮೂರು ತಿಂಗಳು ಓದಿದ್ದರಲ್ಲಿ ಈ ವಾಕ್ಯ ಎಲ್ಲೂ ಇರಲಿಲ್ಲ. ಇದ್ದಿತೇನೋ, ನಾನು ಕಾಣಲಿಲ್ಲ.

ಅಕ್ಟೋಬರ್ 9, ಗುರುವಾರ

ಏನೂ ಇಲ್ಲ.

ಅಕ್ಟೋಬರ್ 12, ಭಾನುವಾರ

ನಾಲ್ಕೂವರೆ ಆಯಿತು. ಮಾಧವಿ ಸೀರೆ ಬದಲಿಸಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ನಿದ್ದೆ ಬಾರದೆ ಬೆಳಿಗ್ಗೆ ಬೇಗ ಎದ್ದು ಕೆಂಪಾಂಬುಧಿ ಕೆರೆಯ ಕಡೆ ನಡೆದೆ. ಅಲ್ಲಿ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಹೋದಳು. ಯಶುವಿನ ಸ್ಕೂಟರಿನದೇ ಹಸಿರು. ಮಾಧವಿಯ ನೇರಳೆ ಕಾಟನ್ ಸೀರೆಯಂಥದ್ದೇ ಸೀರೆ. ತಿರುವಿನಲ್ಲಿ ಕೈ ತೋರಿಸಿ, ನಿಧಾನಕ್ಕೆ, ನನಗಿಂತ ಚೆನ್ನಾಗಿ ತಿರುಗಿಸಿದಳು. ಹಿಂದೆ ಕೂತವಳು ಮೋನಿಷಾ ಇದ್ದ ಹಾಗಿತ್ತು. ಎಡಗಣ್ಣೂ ಮೋಸ ಮಾಡಲು ಶುರುಮಾಡಿತೇ? ಹೆದರಿಕೆಯಾಗುತ್ತಿದೆ. ಮಾಧವಿಗೆ ಹೇಳಲಿಲ್ಲ. ಅವಳು ಗುಡಿಯಿಂದ ಬಂದು ಉಪ್ಪಿಟ್ಟು ಮಾಡಿದಳು.

ಅಕ್ಟೋಬರ್ 24, ಶುಕ್ರವಾರ

ಪೋಸ್ಟ್‌ಮ್ಯಾನ್ ಒಂದು ಲಕೋಟೆ ತಂದ. ಮಾಧವಿಯ ಹೆಸರಿಗೆ. ಸಹಿ ಮಾಡಿ ತೆಗೆದುಕೊಂಡೆ. ಒಳಗೆ ಅವಳ ಡ್ರೈವಿಂಗ್ ಲೈಸೆನ್ಸ್. ಫೋಟೊದಲ್ಲಿ ಅವಳು ನಗುತ್ತಿಲ್ಲ, ಆದರೆ ನಗು ತಡೆದುಕೊಂಡಿರುವುದು ಗೊತ್ತಾಗುತ್ತದೆ.

ಗುಡಿಯಿಲ್ಲ. ವಿಭೂತಿಯಿಲ್ಲ. ಮೆಟ್ಟಿಲಲ್ಲಿ ಜಾರಿದ್ದೂ ಇಲ್ಲ. ಬ್ಯಾಟರಿ ಸೋರಿರಲೇ ಇಲ್ಲ. ನಾನು ಐದು ದಿನ ಕೂತು ಅಂಕಿ ಬರೆದೆ! ಇನ್ನೊಬ್ಬರ ಬರಹದಲ್ಲಿ ಒಂದು ಬಿಂದು ತಪ್ಪಿದರೂ ಹಿಡಿಯುತ್ತಿದ್ದವನು.

ಕೋಪ ಬಂದಿದೆ. ಕೋಪವೋ ಅವಮಾನವೋ ಸರಿಯಾಗಿ ತಿಳಿಯುತ್ತಿಲ್ಲ. ಲಕೋಟೆಯನ್ನು ಅವಳ ಕುಚ್ಚಿನ ದಾರದ ಡಬ್ಬದ ಮೇಲೆ ಇಟ್ಟು ಒಳಗೆ ಬಂದು ಮಲಗಿಕೊಂಡೆ.

ಅಕ್ಟೋಬರ್ 27, ಸೋಮವಾರ

ಮೂರು ದಿನ ಮಾತಿರಲಿಲ್ಲ. ಇವತ್ತು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬ್ರೇಕು ಬ್ರೇಕು ಅಂತ ಹಿಂದೆ ಓಡ್ಕೊಂಡು ಬರ್ತಿದ್ರಿ."

ಅದು ನಿಜ.

"ಕಲಿಯೋ ಅಂಥದ್ದೇನಿತ್ತು ಈ ವಯಸ್ಸಲ್ಲಿ? ನಾನು ದೋಣಿ ಕಟ್ತಿರ್ಲಿಲ್ವಾ? ನಿನ್ನ ಕರ್ಕೊಂಡ್ ಹೋಗಕ್ಕೇ ಅಲ್ವಾ ಕಟ್ಟಿದ್ದು?"

ಅವಳು ತಟ್ಟೆಗೆ ಸಾರು ಬಡಿಸಿ ಸೌಟು ಕೆಳಗಿಟ್ಟಳು. "ನೀವು ದೋಣಿ ಕಟ್ಟಿದ್ದು ನನ್ನ ಕೂರಿಸ್ಕೊಳ್ಳಕ್ಕೆ. ನಾನು ಗಾಡಿ ಕಲ್ತಿದ್ದು ನಿಮ್ಮನ್ನ ಕೂರಿಸ್ಕೊಳ್ಳಕ್ಕೆ. ಇಬ್ರಲ್ಲಿ ಯಾರಾದ್ರೂ ಒಬ್ರು ಕೂತ್ಕೋಬೇಕಲ್ಲ ರೀ?"

ಸಾರಿಗೆ ಉಪ್ಪು ಕಡಿಮೆ ಎಂದೆ. ಕಡಿಮೆಯಿರಲಿಲ್ಲ.

ನವೆಂಬರ್ 3, ಸೋಮವಾರ

ಮುರುಗೇಶ ಸ್ಟ್ಯಾಂಡ್ ಕತ್ತರಿಸಿದ. ಸೀಟು, ಹ್ಯಾಂಡಲ್, ಕೇಬಲ್ ಎಲ್ಲ ಹೊರಗೆ. ತಳದಿಂದ ಒಂದು ಗ್ಲಾಸಿನಷ್ಟು ಎತ್ತರಕ್ಕೆ ಎರಡು ಅಡ್ಡಹಲಗೆ, ಎದುರುಬದುರು. ಬ್ಯಾಟರಿಯನ್ನು ಮುಚ್ಚಳದ ಡಬ್ಬದಲ್ಲಿ ತಳಕ್ಕೇ ಇಟ್ಟೆವು. ಅದರ ಭಾರವೇ ಈಗ ಉಪಕಾರವಂತೆ. ಮೋಟಾರಿಗೆ ಅದರದೇ ಒಂದು ಹಿಡಿ ಇದೆ. ಹಾಗಾಗಿ ಓಡಿಸುವವನು ಹಿಂದೆ, ಕೂರುವವರು ಮುಂದೆ. ಇಷ್ಟು ಸರಳವಾದದ್ದನ್ನು ನಾಲ್ಕು ತಿಂಗಳು ಸುತ್ತಿ ಬಳಸಿ ಮಾಡಿದೆವು.

ಸವೆದ ಸೀಟಿನ ರೆಕ್ಸಿನನ್ನು ಕತ್ತರಿಸಿ ಎರಡು ಹಲಗೆಗೂ ಹೊಡೆಸಿದೆ. ಕನ್ನಡಿ ಬೇಕಾಗಲಿಲ್ಲ. ಮನೆಗೆ ತಂದು ಕಪಾಟಿನಲ್ಲಿಟ್ಟೆ.

ಬರುವಾಗ ಮಳೆ ಬಂತು. ಮಾಧವಿ ಗ್ಯಾರೇಜಿಗೆ ಬಂದು ಕರೆದುಕೊಂಡು ಬಂದಳು. ಗುಂಡಿಗಳ ಜಾಗ ಎಲ್ಲ ಅವಳಿಗೆ ಗೊತ್ತಿದೆ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಆರಕ್ಕೆ ಹೊರಟೆವು. ಮಾರ್ಕೆಟ್‌ವರೆಗೆ ಸ್ಕೂಟರ್, ಅಲ್ಲಿ ನಿಲ್ಲಿಸಿ ಬಸ್ಸು. ದೋಣಿ ಹೋದ ವಾರವೇ ಭಾವನ ಪಂಪ್‌ಸೆಟ್ ಮನೆ ಸೇರಿತ್ತು. ಬ್ಯಾಟರಿ ಅಲ್ಲೇ ಚಾರ್ಜ್ ಆಗಿತ್ತು. ನೂರಕ್ಕೆ ನೂರು, ಸೋರಿರಲಿಲ್ಲ.

ಈ ಸಲ ಏರಿಯ ಮೇಲೆ ಭಾವ ಒಬ್ಬರೇ. ಮಾಧವಿ ನನಗೆ ಎದುರಾಗಿ ಮುಂದಿನ ಹಲಗೆಯ ಮೇಲೆ ಕೂತಳು. ನಾನು ಹಿಂದೆ, ಕೈಯಲ್ಲಿ ಮೋಟಾರಿನ ಹಿಡಿ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸರಿಹೋಯಿತು. ಸದ್ದೇ ಇಲ್ಲ. ನೀರು ಪಕ್ಕದಲ್ಲಿ ಸರಿಯುವುದು ಮಾತ್ರ ಕೇಳಿಸುತ್ತದೆ. ಮೂವತ್ತನಾಲ್ಕು ವರ್ಷ ಅಂಗೈಯಗಲದ ಕನ್ನಡಿಯಲ್ಲಿ ನೋಡಿದ ಮುಖ ಇಷ್ಟು ದೊಡ್ಡದಾಗಿ ಎದುರಿಗಿತ್ತು. ಕಿವಿಯ ಹತ್ತಿರ ನರೆ ಬಂದಿದೆ. ಯಾವಾಗ ಬಂತು?

"ರೀ, ಕಲ್ಲು," ಎಂದಳು, ಹಿಂದಕ್ಕೆ ಕತ್ತು ತಿರುಗಿಸಿ ನೋಡಿ.

ತೂಬಿನ ಕಲ್ಲು ಇನ್ನೂ ದೂರವಿದೆ ಎಂದುಕೊಂಡೆ. ಇರಲಿಲ್ಲ. ಧಡ್ ಎಂದು ಹೊಡೆಯಿತು. ನಾನು ಮುಂದಕ್ಕೆ ಮುಗ್ಗರಿಸಿ ಅವಳ ಮಂಡಿ ಹಿಡಿದುಕೊಂಡೆ. ದೋಣಿ ಅಲ್ಲಾಡಿ ಮತ್ತೆ ನೆಟ್ಟಗಾಯಿತು, ಮಗುಚಲಿಲ್ಲ. ಕಣ್ಣು ಕೈಕೊಟ್ಟಿತೋ, ಅವಳನ್ನು ನೋಡುತ್ತ ಮುಂದೆ ನೋಡುವುದನ್ನೇ ಮರೆತೆನೋ, ಹೇಳಲಾರೆ. ಏರಿಯಿಂದ ಭಾವ ಏನೋ ಕೂಗಿದರು. ಮಾಧವಿ ಕಲ್ಲಿಗೆ ಕೈಕೊಟ್ಟು ನೂಕಿ ದೋಣಿಯನ್ನು ಬಿಡಿಸಿದಳು.

ನಾನೇ "ಈ ಕಡೆ ಬಾ," ಎಂದೆ. ನಿಂತುಕೊಳ್ಳದೆ, ಕೂತಲ್ಲೇ ಸರಿದು, ಒಬ್ಬರ ಭುಜ ಇನ್ನೊಬ್ಬರು ಹಿಡಿದು ಜಾಗ ಬದಲಿಸಿದೆವು. ಅವಳು ಹಿಡಿಯನ್ನು ಒಂದೆರಡು ಸಲ ಆಚೆ ಈಚೆ ತಳ್ಳಿ ನೋಡಿದಳು, ಅಷ್ಟಕ್ಕೇ ಬಂದುಬಿಟ್ಟಿತು. ಕುಚ್ಚು ಕಟ್ಟುವಾಗ ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಳ್ಳುತ್ತಾಳೆ, ದೋಣಿ ಬಿಡುವಾಗಲೂ ಹಾಗೆಯೇ. ಅವಳು ನನ್ನ ಹಿಂದಿನ ನೀರನ್ನು ನೋಡುತ್ತಿದ್ದಳು, ನಾನು ಅವಳನ್ನು. ನನಗೆ ಬೇರೆ ಕೆಲಸವೇ ಇರಲಿಲ್ಲ. ಕೆರೆಯನ್ನು ಎರಡು ಸುತ್ತು ಹಾಕಿದೆವು. ಫ್ಲಾಸ್ಕಿನ ಕಾಫಿಯನ್ನು ನಡುನೀರಿನಲ್ಲಿ ಬೈಟು ಮಾಡಿ ಕುಡಿದೆವು. ಲೋಟವನ್ನು ನನ್ನ ಕೈಗೆ ಮುಟ್ಟಿಸಿ ಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಇಷ್ಟು ಸುಖವಾದ ಭಾನುವಾರ ನನಗೆ ನೆನಪಿಲ್ಲ.

ಮುಂದಿನ ಸಲಕ್ಕೆ ಬಿಸಿಲಿಗೆ ಟೋಪಿ, ಕೂರಲು ಒಂದು ದಿಂಬು ಬೇಕು. ಬಿಚ್ಚಿದ ಸ್ಕೂಟರಿನಲ್ಲಿ ಉಳಿದದ್ದನ್ನು ಏನು ಮಾಡಲಿ ಎಂದು ಮುರುಗೇಶ ಕೇಳಿದ್ದ. ಇಟ್ಟುಕೋ ಎನ್ನಬೇಕು, ಮರೆಯಬಾರದು.

ಮಾರ್ಕೆಟ್ಟಿನಲ್ಲಿ ಬಸ್ಸು ಇಳಿದಾಗ ಸಂಜೆ ಆರಾಗಿತ್ತು. ಹೂವಿನ ಮೂಟೆ ಹೊತ್ತವರ ನಡುವೆ ದಾರಿ ಮಾಡಿಕೊಂಡು ಸ್ಕೂಟರಿನ ಹತ್ತಿರ ಹೋಗಿ ಹಿಂದೆ ಕೂತೆ. ಚಾಮರಾಜಪೇಟೆಯ ಸಿಗ್ನಲ್ಲಿನಲ್ಲಿ ನಿಂತಾಗ ಅವಳ ಎಡಗನ್ನಡಿ ಕಣ್ಣಿಗೆ ಬಿತ್ತು. ಅದರಲ್ಲಿ ಹಿಂದೆ ನಿಂತ ಬಸ್ಸು ಇರಲಿಲ್ಲ, ರಸ್ತೆಯೂ ಇರಲಿಲ್ಲ. ಹೆಲ್ಮೆಟ್ ಹಾಕಿದ ನನ್ನ ಮುಖವಿತ್ತು.

"ಕನ್ನಡಿ ಒಳಗಡೆ ತಿರುಗಿದೆ ಕಣೇ. ಹಿಂದಿನ ಗಾಡಿ ಕಾಣಲ್ಲ. ಸರಿ ಮಾಡ್ಕೋ," ಎಂದೆ.

"ಸರಿಯಾಗೇ ಇದೆ," ಎಂದಳು. "ಮೂವತ್ನಾಲ್ಕು ವರ್ಷ ನಿಮ್ದೂ ಹಿಂಗೇ ಇತ್ತಲ್ಲ."

ಸಿಗ್ನಲ್ ಹಸಿರಾಯಿತು. ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅವಳು ಹೊರಟಳು.